ಒಂದೇ ದಿನದ ಬೆಂಗಳೂರು ಟ್ರಿಪ್: ಕಂಪನಿ ಹತ್ರ ಖರ್ಚು ಕೇಳೋದಾ, ಬಿಡೋದಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಈ ಸಂಚಿಕೆಯನ್ನ ನಾನು ಸೋಗಾನೆಯಿಂದ ರೆಕಾರ್ಡ್ ಮಾಡ್ತಾ ಇದ್ದೀನಿ. ಮಧ್ಯದಲ್ಲಿ ವಿಮಾನದ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ಏರ್‌ಪೋರ್ಟ್ ಇಲ್ಲೇ ಇದೆ.

ಇವತ್ತಿನ ಪ್ರಶ್ನೆ ಕೇಳೋಕೆ ಸಣ್ಣದು. ಆಫೀಸ್ ಕೆಲಸಕ್ಕೆ ಅಂತ ಒಂದೇ ಒಂದು ಸಲ ಊರು ಬಿಟ್ಟು ಹೋಗಿಬಂದ್ರೆ, ಆ ಖರ್ಚನ್ನ ಕಂಪನಿ ಹತ್ರ ಕೇಳಬೇಕಾ, ಇಲ್ಲಾ ಸುಮ್ಮನೆ ಬಿಟ್ಟುಬಿಡಬೇಕಾ?

ದಿನಾ ಓಡಾಡೋ ಕೆಲಸದವರಿಗೆ ಈ ತಲೆನೋವು ಅಷ್ಟಿಲ್ಲ. ಮೆಡಿಕಲ್ ರೆಪ್‌ಗಳಿಗೆ, ಸೇಲ್ಸ್‌ನವರಿಗೆ ಸಾಮಾನ್ಯವಾಗಿ ತಿಂಗಳಿಗಿಷ್ಟು ಅಂತ ಒಂದು ವ್ಯವಸ್ಥೆ ಇರುತ್ತೆ. ಕಷ್ಟ ಬರೋದು ಮನೆಯಲ್ಲೇ ಕೂತು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡೋರಿಗೆ, ಶಿವಮೊಗ್ಗದ ಸಣ್ಣ ಬ್ರಾಂಚ್‌ನಲ್ಲಿ ಇರೋರಿಗೆ, ಹೊಸದಾಗಿ ಸೇರಿದೋರಿಗೆ. ವರ್ಷಕ್ಕೊಂದು ಸಲ ಫೋನ್ ಬರುತ್ತೆ: "ಗುರುವಾರ ಬೆಂಗಳೂರಿಗೆ ಬಂದುಬಿಡಿ, ಒಂದು ದಿನ ಟ್ರೈನಿಂಗ್ ಇದೆ." ಖರ್ಚು ಯಾರದ್ದು ಅಂತ ಅವರು ಹೇಳಲ್ಲ, ನಾವು ಕೇಳಲ್ಲ.

ಮೊದಲು ಲೆಕ್ಕ ಹಾಕೋಣ. ಬರೀ ಉದಾಹರಣೆಗೆ ಅಂತ ಹೇಳ್ತಾ ಇದ್ದೀನಿ, ನಿಮ್ಮ ಟಿಕೆಟ್ ದರ ಬೇರೆ ಇರಬಹುದು. ಜನಶತಾಬ್ದಿ ನಸುಕಿನಲ್ಲೇ ಶಿವಮೊಗ್ಗ ಬಿಡುತ್ತೆ. ಸೋಗಾನೆಯಿಂದ ಆ ಹೊತ್ತಲ್ಲಿ ಸ್ಟೇಷನ್‌ಗೆ ಬಸ್ ನೆಚ್ಚಿಕೊಳ್ಳೋಕೆ ಆಗಲ್ಲ, ಆಟೋನೇ ಗತಿ. 300 ರೂಪಾಯಿ ಅಂತ ಇಟ್ಕೊಳ್ಳಿ. ರಾತ್ರಿ ವಾಪಸ್ ಬಂದಾಗ ಇನ್ನೊಂದು 300. ಟ್ರೇನ್‌ಗೆ ಎರಡೂ ಕಡೆ ಸೇರಿ 1,100. ಬೆಂಗಳೂರಲ್ಲಿ ಮೆಟ್ರೋ, ಆಟೋ ಅಂತ 250. ತಿಂಡಿ, ಊಟ, ಕಾಫಿಗೆ 250. ಒಟ್ಟು 2,200 ರೂಪಾಯಿ.

ತಿಂಗಳಿಗೆ 22,000 ಕೈಗೆ ಬರೋ ಹುಡುಗನಿಗೋ ಹುಡುಗಿಗೋ ಇದು ಸಂಬಳದ ಹತ್ತನೇ ಒಂದು ಭಾಗ. ತಿಂಗಳಿಗೆ 26 ದಿನದ ಕೆಲಸ ಅಂದ್ರೆ ದಿನಕ್ಕೆ ಸುಮಾರು 846 ರೂಪಾಯಿ ಬೀಳುತ್ತೆ. ಅಂದ್ರೆ ಒಂದು ದಿನದ ಟ್ರೈನಿಂಗ್‌ಗೆ ಹೋಗಿಬರೋಕೆ ಎರಡೂವರೆ ದಿನದ ದುಡಿಮೆ ಹೋಯ್ತು. ಮೀಟಿಂಗ್ ಕರೆದ ಮ್ಯಾನೇಜರ್‌ಗೆ ಇದು ಗೊತ್ತೇ ಇರಲ್ಲ, ಯಾಕಂದ್ರೆ ಅವರು ಬಂದಿದ್ದು ಜಯನಗರದಿಂದ ಮೆಟ್ರೋದಲ್ಲಿ.

ಹಾಗಿದ್ರೂ ನಾವು ಯಾಕೆ ಕೇಳಲ್ಲ? ನನ್ನ ಪ್ರಕಾರ ಕಾರಣ ಒಂದೇ, ದಾಕ್ಷಿಣ್ಯ. "ಅಯ್ಯೋ, ಎರಡು ಸಾವಿರಕ್ಕೆ ಬಾಯಿ ಬಿಟ್ಟ ಅಂದ್ಕೊಂಡ್ರೆ?" "ಈಗಷ್ಟೇ ಸೇರಿದ್ದೀನಿ, ಶುರುವಿಗೇ ದುಡ್ಡಿನ ಮಾತು ಬೇಡ." "ಊರಲ್ಲೇ ಇದ್ಕೊಂಡು ಕೆಲಸ ಮಾಡೋಕೆ ಬಿಟ್ಟಿದ್ದಾರೆ, ಅದೇ ದೊಡ್ಡದು." ನಮ್ಮ ಕಡೆ ಹೀಗೆ ಯೋಚನೆ ಮಾಡೋದನ್ನ ಒಳ್ಳೇತನ ಅಂತ ಕಲಿಸಿ ಬೆಳೆಸಿರ್ತಾರೆ.

ಆದ್ರೆ ಒಂದು ತಮಾಷೆ ನೋಡಿ. ಗಾಂಧಿ ಬಜಾರ್‌ನಲ್ಲೋ ನೆಹರೂ ರಸ್ತೆಯಲ್ಲೋ ಅಂಗಡಿಯಲ್ಲಿ ಕೆಲಸ ಮಾಡೋ ಹುಡುಗನಿಗೆ ಯಜಮಾನ್ರು "ಭದ್ರಾವತಿಗೆ ಹೋಗಿ ಈ ಪಾರ್ಸೆಲ್ ಕೊಟ್ಟು ಬಾ" ಅಂದ್ರೆ, ಅವನು ಬಾಗಿಲಲ್ಲೇ ನಿಂತು ಕೇಳ್ತಾನೆ, "ಅಣ್ಣ, ಬಸ್ ಚಾರ್ಜು?" ಯಜಮಾನ್ರು ಗಲ್ಲಾ ಪೆಟ್ಟಿಗೆಯಿಂದ ತೆಗೆದು ಕೊಡ್ತಾರೆ. ಇಬ್ಬರಿಗೂ ಮುಜುಗರ ಇಲ್ಲ. ಗಾರೆ ಕೆಲಸದವರು ಪಕ್ಕದ ಊರಿಗೆ ಬರಬೇಕಾದ್ರೆ ಓಡಾಟದ ಖರ್ಚು ಸೇರಿಸಿಯೇ ರೇಟು ಹೇಳ್ತಾರೆ. ಡಿಗ್ರಿ ಮಾಡಿ, ಆಫರ್ ಲೆಟರ್ ಇಟ್ಕೊಂಡಿರೋ ನಾವು ಮಾತ್ರ ನಾಚಿಕೊಳ್ತೀವಿ.

ಸರ್ಕಾರಿ ಕೆಲಸದವರ ಮನೆಯಲ್ಲಿ ಬೆಳೆದಿದ್ರೆ "ಟಿಎ-ಡಿಎ" ಅನ್ನೋ ಮಾತು ನಿಮಗೆ ಅಕ್ಷರಮಾಲೆ ಜೊತೆಗೇ ಬಂದಿರುತ್ತೆ. ಮೇಷ್ಟ್ರು ಟ್ರೈನಿಂಗ್‌ಗೆ ಹೋದ್ರೆ ಓಓಡಿ, ಬಂದಮೇಲೆ ಟಿಎ ಬಿಲ್. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಅಂದ್ರೆ ಈಗಿನ ವಿಐಎಸ್ಎಲ್, ಆಮೇಲೆ ಎಂಪಿಎಂ, ಇವುಗಳ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೂ ಈ ಮಾತು ಹೊಸದಲ್ಲ.

ಸರ್ಕಾರದ ನಿಯಮದಲ್ಲಿ ನನಗೆ ಇಷ್ಟವಾಗೋ ಒಂದು ವಿಚಾರ ಇದೆ. ಕೇಂದ್ರ ಸರ್ಕಾರದ ಮೂಲ ನಿಯಮ 44ರ ಪ್ರಕಾರ ಇಂಥ ಭತ್ಯೆ ಪಡೆಯೋರಿಗೆ ಅದು ಲಾಭದ ಮೂಲ ಆಗಬಾರದು. ಕರ್ತವ್ಯದ ಜಾಗದಿಂದ 8 ಕಿಲೋಮೀಟರ್ ಒಳಗಿನ ಓಡಾಟವನ್ನ ಪ್ರವಾಸ ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಪ್ರವಾಸ ಮುಗಿದ 60 ದಿನದೊಳಗೆ ಬಿಲ್ ಹಾಕಬೇಕು. 2018ಕ್ಕೆ ಮುಂಚೆ ಒಂದು ವರ್ಷದ ಅವಕಾಶ ಇತ್ತು, ಅದನ್ನ ಇಳಿಸಿದ್ರು. ಈ ಮೂರನ್ನ ಸೇರಿಸಿ ನೋಡಿ: ಲಾಭ ಮಾಡಬೇಡ, ನಿಜವಾದ ಪ್ರವಾಸಕ್ಕೆ ಮಾತ್ರ ಕೇಳು, ಬೇಗ ಕೇಳು. ಖಾಸಗಿ ಕಂಪನಿಯಲ್ಲಿ ಇರೋರಿಗೂ ಇದಕ್ಕಿಂತ ಒಳ್ಳೆ ಅಳತೆಗೋಲು ಬೇಕಿಲ್ಲ.

ಈಗ ಕಾನೂನು ಏನು ಹೇಳುತ್ತೆ? ಖಾಸಗಿ ಕೆಲಸದಲ್ಲಿ ಟ್ರಿಪ್ ಖರ್ಚು ಎಷ್ಟು ಕೊಡ್ತಾರೆ, ಹೇಗೆ ಕೊಡ್ತಾರೆ ಅನ್ನೋದು ಬಹುಮಟ್ಟಿಗೆ ನಿಮ್ಮ ನೇಮಕಾತಿ ಪತ್ರ, ಕಂಪನಿಯ ಪಾಲಿಸಿ ಮೇಲೆ ನಿಂತಿರುತ್ತೆ. ಆದ್ರೆ ಒಂದು ವಿಷಯ ಸ್ಪಷ್ಟ. 1936ರ ವೇತನ ಪಾವತಿ ಕಾಯ್ದೆಯಲ್ಲೂ, 2019ರ ವೇತನ ಸಂಹಿತೆಯಲ್ಲೂ "ವೇತನ" ಅಂದ್ರೇನು ಅಂತ ವಿವರಿಸೋವಾಗ, ಕೆಲಸದ ಸ್ವರೂಪದಿಂದಾಗಿ ಬರೋ ವಿಶೇಷ ಖರ್ಚನ್ನ ತುಂಬಿಕೊಡೋ ಹಣವನ್ನ ವೇತನದಿಂದ ಹೊರಗೆ ಇಟ್ಟಿದ್ದಾರೆ. ಅಂದ್ರೆ ಸಂಬಳ ಬೇರೆ, ಕೆಲಸದ ಖರ್ಚು ಬೇರೆ. 2,200 ರೂಪಾಯಿ ವಾಪಸ್ ಕೇಳಿದ್ರೆ ನೀವು ಸಂಬಳ ಹೆಚ್ಚು ಮಾಡಿ ಅಂತ ಕೇಳಿದ ಹಾಗೆ ಆಗಲ್ಲ. ನಿಮ್ಮ ಜೇಬಿಂದ ಕಂಪನಿಗೆ ಕೊಟ್ಟ ಕೈಸಾಲ ವಾಪಸ್ ತಗೊಂಡ ಹಾಗೆ.

ತೆರಿಗೆಯಲ್ಲೂ ಇದೇ ಗೆರೆ ಇದೆ. ಕೆಲಸದ ಪ್ರವಾಸಕ್ಕೆ ಅಂತ ಕೊಟ್ಟ ಹಣವನ್ನ ಅದಕ್ಕೇ ಖರ್ಚು ಮಾಡಿದ್ರೆ, ಖರ್ಚಾದಷ್ಟಕ್ಕೆ ಆದಾಯ ತೆರಿಗೆ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲೂ ಈ ವಿನಾಯಿತಿ ಉಳಿದಿದೆ. ಆದ್ರೆ ಮನೆಯಿಂದ ಆಫೀಸಿಗೆ ದಿನಾ ಹೋಗಿಬರೋಕೆ ಕೊಡೋ ನಗದು ಭತ್ಯೆ ಸಂಬಳದ ಜೊತೆ ಸೇರಿ ತೆರಿಗೆಗೆ ಬರುತ್ತೆ. ಹಿಂದೆ ಅದಕ್ಕೆ ತಿಂಗಳಿಗೆ 1,600 ರೂಪಾಯಿ ತನಕ ವಿನಾಯಿತಿ ಇತ್ತು. 2018ರ ಬಜೆಟ್‌ನಲ್ಲಿ ಅದನ್ನ ತೆಗೆದು 40,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ತಂದರು. ಅಂಗವಿಕಲ ಉದ್ಯೋಗಿಗಳಿಗೆ ಮಾತ್ರ ಆ ಸಾರಿಗೆ ಭತ್ಯೆಯ ವಿನಾಯಿತಿಯನ್ನ ಉಳಿಸಿದ್ರು.

ಹಾಗಾದ್ರೆ ನಿಮ್ಮ ಬೆಂಗಳೂರು ಟ್ರಿಪ್ ಪ್ರವಾಸವೋ, ಆಫೀಸಿಗೆ ಹೋಗಿದ್ದೋ? ಇದು ಬಹಳ ಮುಖ್ಯ, ಸ್ವಲ್ಪ ಗಮನ ಕೊಡಿ. ಇವತ್ತೇ ನಿಮ್ಮ ನೇಮಕಾತಿ ಪತ್ರ ತೆಗೆದು "ಕೆಲಸದ ಸ್ಥಳ" ಅಥವಾ "ಬೇಸ್ ಲೊಕೇಶನ್" ಅಂತ ಏನು ಬರೆದಿದೆ ನೋಡಿ. ಅಲ್ಲಿ "ಶಿವಮೊಗ್ಗ" ಅಂತ ಇದ್ರೆ ಅಥವಾ "ರಿಮೋಟ್" ಅಂತ ಇದ್ರೆ, ಬೆಂಗಳೂರಿಗೆ ಕರೆಸಿಕೊಂಡಿದ್ದು ಪ್ರವಾಸ. ಧೈರ್ಯವಾಗಿ ಕೇಳಿ. ಅಲ್ಲಿ "ಬೆಂಗಳೂರು" ಅಂತ ಇದ್ದು, ಮನೆಯಿಂದ ಕೆಲಸ ಮಾಡೋಕೆ ಅವರು ಬಿಟ್ಟಿದ್ದಾರೆ ಅಷ್ಟೇ ಅಂದ್ರೆ, ಅವರ ಲೆಕ್ಕದಲ್ಲಿ ನೀವು ನಿಮ್ಮ ಆಫೀಸಿಗೇ ಬಂದಿದ್ದೀರಿ. ಆಗ ಹಕ್ಕು ಅಂತ ವಾದ ಮಾಡೋಕೆ ಕಷ್ಟ. ಕೇಳಬಹುದು, ಆದ್ರೆ ಧಾಟಿ ಬೇರೆ ಇರಬೇಕು. ಈ ಒಂದು ಪದ ಎಷ್ಟೋ ಜನರಿಗೆ ಗೊತ್ತೇ ಇರಲ್ಲ. ಊರಿಂದ ಕೆಲಸ ಮಾಡೋಕೆ ಒಪ್ಪಿಗೆ ಸಿಕ್ಕ ದಿನವೇ ಇದನ್ನ ಇಮೇಲ್‌ನಲ್ಲಿ ಬರೆಸಿಕೊಂಡ್ರೆ ಮುಂದೆ ಜಗಳ ಇಲ್ಲ.

ಈಗ ನಾನು ಯಾಕೆ "ಕೇಳಿ" ಅಂತ ಇಷ್ಟು ಒತ್ತಿ ಹೇಳ್ತಾ ಇದ್ದೀನಿ ಅಂತ ಹೇಳ್ತೀನಿ. ಹಿಂದೆ ನಾನು ಕೆಲಸ ಮಾಡ್ತಾ ಇದ್ದ ಒಂದು ಕಡೆ, ಹೆಸರು ಬೇಡ, ಊರಿಂದ ಬೆಂಗಳೂರಿಗೆ ಹೋಗಿಬಂದ ಬಿಲ್ ಕೊಟ್ಟೆ. ಮ್ಯಾನೇಜರ್ ಒರಟಾಗೇನೂ ಮಾತಾಡಲಿಲ್ಲ. ನಿಜವಾದ ಆಶ್ಚರ್ಯದಿಂದ ಕೇಳಿದ್ರು, "ಸಾಗರದಿಂದ ಅವರು ಎರಡು ವರ್ಷದಿಂದ ಬರ್ತಾ ಇದ್ದಾರೆ. ಒಂದು ಸಲನೂ ಬಿಲ್ ಕೊಟ್ಟಿಲ್ಲವಲ್ಲ?" ಸಾಗರದಿಂದ ಬರ್ತಾ ಇದ್ದ ಆ ಸಹೋದ್ಯೋಗಿ ನನಗಿಂತ ಕಮ್ಮಿ ಸಂಬಳದವರು. ನನಗಿಂತ ಜಾಸ್ತಿ ದೂರದಿಂದ ಬರ್ತಾ ಇದ್ದವರು. ಅವರು ದಾಕ್ಷಿಣ್ಯಕ್ಕೆ ಸುಮ್ಮನಿದ್ದಿದ್ದು ಆಫೀಸಿನಲ್ಲಿ ಒಂದು ನಿಯಮವೇ ಆಗಿಬಿಟ್ಟಿತ್ತು.

ಅವತ್ತು ನನಗೆ ಅರ್ಥ ಆಗಿದ್ದು ಇದು. ನಾವು ಬಿಲ್ ಕೊಡದೇ ಇದ್ರೆ ಕಂಪನಿಯ ಪುಸ್ತಕದಲ್ಲಿ ಶಿವಮೊಗ್ಗ-ಬೆಂಗಳೂರು ಟ್ರಿಪ್‌ನ ಖರ್ಚು ಸೊನ್ನೆ ಅಂತ ಕಾಣುತ್ತೆ. ಸೊನ್ನೆ ಖರ್ಚಿನ ಕೆಲಸಕ್ಕೆ ಯಾರೂ ಎರಡು ಸಲ ಯೋಚನೆ ಮಾಡಲ್ಲ. ವಿಡಿಯೋ ಕಾಲ್‌ನಲ್ಲಿ ಮುಗಿಯೋ ಮಾತಿಗೂ "ಬಂದುಬಿಡಿ" ಅಂತಾರೆ. ನಿಮ್ಮ ಹಿಂದೆ ಸೇರೋ ತೀರ್ಥಹಳ್ಳಿಯ ಹುಡುಗಿ, ಹೊಸನಗರದ ಹುಡುಗ ಬಾಯಿ ಬಿಟ್ಟಾಗ "ಇಲ್ಲಿ ಯಾರೂ ಕೇಳಲ್ಲ" ಅನ್ನೋ ಉತ್ತರ ಸಿಗುತ್ತೆ. ಮನೆಯಲ್ಲಿ ಸ್ವಲ್ಪ ಅನುಕೂಲ ಇರೋರು "ಹೋಗಲಿ ಬಿಡು" ಅಂತ ಬಿಡಬಹುದು. ಆ "ಹೋಗಲಿ ಬಿಡು"ವಿನ ಭಾರ ಬೀಳೋದು ತಿಂಗಳ ಕೊನೆಗೆ ಮನೆಗೆ ದುಡ್ಡು ಕಳಿಸಬೇಕಾದವರ ಮೇಲೆ.

ಸರಿ, ಇನ್ನು ಕೆಲವು ಇಕ್ಕಟ್ಟಿನ ಪ್ರಶ್ನೆಗಳು.

ಮೊದಲನೇದು ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಟಿಕೆಟ್ ಉಚಿತ. ಶೂನ್ಯ ಟಿಕೆಟ್‌ನಲ್ಲಿ ಬೆಂಗಳೂರಿಗೆ ಹೋದ್ರೆ ಬಸ್ ಚಾರ್ಜ್ ಕೇಳಬಹುದಾ? ನನ್ನ ಉತ್ತರ, ಬೇಡ. ಖರ್ಚೇ ಆಗಿಲ್ಲ. ಆಟೋ, ಊಟದ ಖರ್ಚು ಕೇಳಿ. ಕಂಪನಿ ದಿನಕ್ಕೆ ಇಷ್ಟು ಅಂತ ಎಲ್ಲರಿಗೂ ಒಂದೇ ಮೊತ್ತ ಕೊಡೋದಾದ್ರೆ ತಗೊಳ್ಳಿ, ತೊಂದರೆ ಇಲ್ಲ. ಆದ್ರೆ ಇದರ ಇನ್ನೊಂದು ಮುಖ ಇದೆ. "ನಿನಗೆ ಬಸ್ ಫ್ರೀ ಅಲ್ವಾ, ಅದರಲ್ಲೇ ಬಾ" ಅಂತ ಹೇಳೋ ಹಾಗಿಲ್ಲ. ರಾಜಹಂಸ, ಐರಾವತದಲ್ಲಿ ಶಕ್ತಿ ನಡೆಯಲ್ಲ. ರಾತ್ರಿ ಪ್ರಯಾಣಕ್ಕೆ ಅವು ಸುರಕ್ಷಿತ ಅಂತ ಅನಿಸಿದ್ರೆ ಟಿಕೆಟ್ ತಗೊಂಡು ಬಿಲ್ ಕೊಡಿ. ಜೊತೆಗೆ ಬರೋ ಹುಡುಗನಿಗೆ ಯಾವ ಬಸ್‌ನ ಖರ್ಚು ಕೊಡ್ತಾರೋ ನಿಮಗೂ ಅದೇ ಸಿಗಬೇಕು.

ಎರಡನೇದು ನಮ್ಮ ಏರ್‌ಪೋರ್ಟ್. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯ್ತು, ಕುವೆಂಪು ಅವರ ಹೆಸರು ಇಟ್ಟರು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಮನೆ ಪಕ್ಕದಲ್ಲೇ ವಿಮಾನ ಇದೆ ಅಂತ ಯಾರನ್ನೂ ಕೇಳದೆ ಟಿಕೆಟ್ ಮಾಡಿಸಿ ಬಿಲ್ ಕಳಿಸಿದ್ರೆ ಅದು ಸರಿಯಲ್ಲ. ಯಾವ ದರ್ಜೆಯ ಪ್ರಯಾಣ ಅಂತ ಮುಂಚೆ ಒಪ್ಪಿಗೆ ತಗೋಬೇಕು. ಹಾಗಂತ ಕೇಳಲೇಬಾರದು ಅಂತೇನಿಲ್ಲ. ಬೆಳಗ್ಗೆ ಮೀಟಿಂಗ್‌ಗೆ ಹಿಂದಿನ ದಿನವೇ ಹೋಗಿ ಲಾಡ್ಜ್‌ನಲ್ಲಿ ಉಳಿಯೋ ಖರ್ಚನ್ನೂ ವಿಮಾನದ ಟಿಕೆಟ್ಟನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ನಿರ್ಧಾರ ಅವರು ಮಾಡಲಿ.

ಮೂರನೇದು, ಸ್ವಂತ ಕೆಲಸ ಬೆರೆತ ಟ್ರಿಪ್. ಶುಕ್ರವಾರ ಟ್ರೈನಿಂಗ್, ಭಾನುವಾರ ಅತ್ತೆ ಮಗನ ಮದುವೆ. ಹೋಗೋ ಟಿಕೆಟ್, ಬರೋ ಟಿಕೆಟ್ ಕೇಳಬಹುದು, ಯಾಕಂದ್ರೆ ಟ್ರೈನಿಂಗ್ ಇಲ್ಲದಿದ್ರೂ ಇದ್ರೂ ಕಂಪನಿಗೆ ಅಷ್ಟು ಖರ್ಚು ಆಗೇ ಆಗ್ತಿತ್ತು ಅಂತ ಹೇಳೋಕಾಗಲ್ಲ. ಆದ್ರೆ ಅವರು ಕರೆದಿದ್ದಕ್ಕೇ ನೀವು ಶುಕ್ರವಾರ ಹೋಗಿದ್ದು ಅನ್ನೋದಂತೂ ನಿಜ. ಶನಿವಾರ, ಭಾನುವಾರದ ಊಟ, ಓಡಾಟ ನಿಮ್ಮದು. ಮದುವೆಗೆ ಹೇಗೂ ಹೋಗಲೇಬೇಕಿತ್ತು ಅಂದ್ರೆ ಅದನ್ನ ಮುಂಚೆಯೇ ಹೇಳಿ, ಒಂದು ಕಡೆಯ ಟಿಕೆಟ್ ಮಾತ್ರ ಕೇಳಿದ್ರೂ ಆಯ್ತು. ಮುಚ್ಚಿಟ್ಟರೆ ಮಾತ್ರ ತಪ್ಪಾಗಿ ಕಾಣುತ್ತೆ.

ನಾಲ್ಕನೇದು, ಸುಳ್ಳು ಬಿಲ್. ಪೆಟ್ರೋಲ್ ಬಂಕ್‌ನಲ್ಲಿ ಬಿದ್ದಿರೋ ಬಿಲ್ ಎತ್ತಿಕೊಂಡು ಬರೋದು, ಆಟೋಗೆ 150 ಕೊಟ್ಟು 300 ಅಂತ ಬರೆಯೋದು. "ಎಲ್ಲರೂ ಮಾಡ್ತಾರೆ" ಅನ್ನೋ ಮಾತನ್ನ ನಂಬಬೇಡಿ. ಸಿಕ್ಕಿಬಿದ್ರೆ ಹೋಗೋದು 150 ರೂಪಾಯಿ ಅಲ್ಲ, ಕೆಲಸ. ನಿಮ್ಮ ಹೆಸರಿನ ಮುಂದೆ ಒಂದು ಸುಳ್ಳು ಬಿಲ್ ಕೂತ್ರೆ ಮುಂದಿನ ಎಲ್ಲ ನಿಜದ ಬಿಲ್‌ಗಳಿಗೂ ಅನುಮಾನ ಅಂಟಿಕೊಳ್ಳುತ್ತೆ.

ಇನ್ನು ಕೇಳೋದು ಹೇಗೆ? ಹೋಗಿಬಂದಮೇಲೆ ಕೇಳೋದಕ್ಕಿಂತ ಹೋಗೋ ಮುಂಚೆ ಕೇಳೋದು ನೂರು ಪಾಲು ಸುಲಭ. "ಕೊಡ್ತೀರಾ?" ಅಂತ ಕೇಳಬೇಡಿ, "ಹೇಗೆ ಕೊಡಬೇಕು?" ಅಂತ ಕೇಳಿ. ಹೀಗೊಂದು ಮೆಸೇಜ್ ಸಾಕು:

"ಸರ್, ಗುರುವಾರದ ಟ್ರೈನಿಂಗ್‌ಗೆ ಬರ್ತಾ ಇದ್ದೀನಿ. ಶಿವಮೊಗ್ಗದಿಂದ ಟ್ರೇನ್ ಬುಕ್ ಮಾಡ್ತೀನಿ. ಟಿಕೆಟ್ ಮತ್ತು ಲೋಕಲ್ ಓಡಾಟ ಸೇರಿ ಸುಮಾರು 2,200 ಆಗಬಹುದು. ಬಿಲ್‌ಗಳನ್ನ ಯಾರಿಗೆ, ಯಾವ ರೀತಿ ಕಳಿಸಬೇಕು ತಿಳಿಸಿ."

ಇಷ್ಟೇ. ಇದರಲ್ಲಿ ಕೆಲಸ ಒಪ್ಪಿಕೊಂಡಿದ್ದೂ ಇದೆ, ಮೊತ್ತವೂ ಇದೆ, ದೂರಿಲ್ಲ, ಗೋಗರೆತ ಇಲ್ಲ. ವಾಟ್ಸ್‌ಆಪ್‌ನಲ್ಲಿ ಹೇಳಿದ್ರೂ ಒಂದು ಇಮೇಲ್ ಹಾಕಿಡಿ. ಕೈಯಲ್ಲಿ ದುಡ್ಡು ಇಲ್ಲ ಅಂದ್ರೆ ಅಡ್ವಾನ್ಸ್ ಕೇಳಿ ಅಥವಾ ಟಿಕೆಟ್ ಅವರೇ ಮಾಡಿಸಲಿ ಅನ್ನಿ. ಅದರಲ್ಲಿ ಅವಮಾನ ಏನಿಲ್ಲ.

ಬಿಲ್ ವಿಚಾರಕ್ಕೆ ಬಂದ್ರೆ, ಟ್ರೇನ್ ಟಿಕೆಟ್‌ನ ಪಿಡಿಎಫ್ ಇಟ್ಕೊಳ್ಳಿ. ಬಸ್ ಟಿಕೆಟ್ ಕಾಗದ ಬಿಸಿಲಿಗೆ ಅಳಿಸಿಹೋಗುತ್ತೆ, ಇಳಿದ ತಕ್ಷಣ ಫೋಟೋ ತೆಗೀರಿ. ಆಪ್‌ನಲ್ಲಿ ಆಟೋ ಬುಕ್ ಮಾಡಿದ್ರೆ ಅದರಲ್ಲೇ ರಸೀದಿ ಇರುತ್ತೆ. ನಮ್ಮೂರ ಆಟೋಗೆ ಬಿಲ್ ಸಿಗಲ್ಲ, ಹಾಗಾಗಿ ಯುಪಿಐನಲ್ಲಿ ಕೊಟ್ಟು ಸ್ಕ್ರೀನ್‌ಶಾಟ್ ಇಡಿ. ಎಷ್ಟೋ ಕಡೆ ಸಣ್ಣ ಮೊತ್ತಕ್ಕೆ ನೀವೇ ಸಹಿ ಹಾಕಿದ ವೋಚರ್ ಒಪ್ಪಿಕೊಳ್ತಾರೆ. ಲಾಡ್ಜ್‌ನಲ್ಲಿ ಉಳಿದ್ರೆ ಬಿಲ್ಲನ್ನ ಕಂಪನಿ ಹೆಸರಲ್ಲಿ, ಕಂಪನಿಯ ಜಿಎಸ್‌ಟಿ ನಂಬರ್ ಹಾಕಿಸಿ ತಗೊಳ್ಳಿ. ಆ ತೆರಿಗೆಯನ್ನ ಅವರು ತಮ್ಮ ಲೆಕ್ಕದಲ್ಲಿ ಹೊಂದಿಸಿಕೊಳ್ಳೋಕೆ ಅನುಕೂಲ ಆಗುತ್ತೆ. ಅಕೌಂಟ್ಸ್‌ನವರು ಖುಷಿಯಾಗಿದ್ರೆ ದುಡ್ಡು ಬೇಗ ಬರುತ್ತೆ. ಎಲ್ಲ ಸೇರಿಸಿ ಒಂದೇ ಇಮೇಲ್, ವಾಪಸ್ ಬಂದ ವಾರದೊಳಗೆ.

"ಆಗಲ್ಲ" ಅಂದ್ರೆ? ಆ ಸಾಧ್ಯತೆಯೂ ಇದೆ, ಸುಳ್ಳು ಭರವಸೆ ಕೊಡಲ್ಲ. ಆಗ "ಹಾಗಿದ್ರೆ ವಿಡಿಯೋ ಕಾಲ್‌ನಲ್ಲಿ ಸೇರಬಹುದಾ?" ಅಂತ ಕೇಳಿ. ಎರಡು ಮೀಟಿಂಗ್ ಇದ್ರೆ ಒಂದೇ ದಿನಕ್ಕೆ ಹೊಂದಿಸೋಕೆ ಹೇಳಿ. ಅರ್ಧ ಖರ್ಚು, ಕಡೇಪಕ್ಷ ಟಿಕೆಟ್ ಅಂತ ಕೇಳಿ. ಏನೂ ಇಲ್ಲ ಅಂದ್ರೂ ಕೆಲಸ ಮುಖ್ಯ ಅನಿಸಿದ್ರೆ ಹೋಗಿಬನ್ನಿ, ತಪ್ಪಿಲ್ಲ. ಆದ್ರೆ ಆ ಕಂಪನಿ ಬಗ್ಗೆ ನಿಮಗೆ ಒಂದು ವಿಷಯ ಗೊತ್ತಾಯ್ತು, ಮುಂದಿನ ಸಂಬಳದ ಮಾತುಕತೆಯಲ್ಲಿ ಅದು ನೆನಪಿರಲಿ.

ಬಿಟ್ಟುಬಿಡೋ ಸಂದರ್ಭ ಇಲ್ವಾ? ಇದೆ. ನೀವೇ ಆಸೆಪಟ್ಟು, "ನಾನೂ ಬರ್ತೀನಿ" ಅಂತ ಹೋದ ಆಫೀಸ್ ಪಾರ್ಟಿ. ಟೀಮ್‌ನವರ ಜೊತೆ ಕುಡಿದ 20 ರೂಪಾಯಿ ಕಾಫಿ. ಈಗಷ್ಟೇ ಶುರುವಾಗಿ, ಮಾಲೀಕರೂ ಸಂಬಳ ತಗೊಳ್ಳದೆ ನಡೆಸ್ತಾ ಇರೋ ಮೂರು ಜನರ ಕಂಪನಿ, ಅಲ್ಲಿ ನಿಮ್ಮ ಮನಸ್ಸು ಏನು ಹೇಳುತ್ತೋ ಅದು. ಇಲ್ಲೂ ಒಂದು ಮಾತು: ಬಿಡೋದಾದ್ರೆ ಹೇಳಿ ಬಿಡಿ. "ಖರ್ಚು 2,200 ಆಯ್ತು, ಈ ಸಲ ನಾನು ನೋಡ್ಕೊಳ್ತೀನಿ" ಅಂತ ಒಂದು ಸಾಲು ಬರೀರಿ. ದುಡ್ಡು ಬರದಿದ್ರೂ ಟ್ರಿಪ್‌ಗೆ ಎಷ್ಟು ಖರ್ಚಾಗುತ್ತೆ ಅನ್ನೋದು ಅವರ ಕಣ್ಣಿಗೆ ಬೀಳುತ್ತೆ, ನಿಮ್ಮ ಹಿಂದೆ ಬರೋರಿಗೆ ದಾರಿ ತೆರೆದಿರುತ್ತೆ.

ಇಂಟರ್‌ವ್ಯೂಗೆ ಹೋಗೋ ಖರ್ಚು ಬೇರೆ ಕಥೆ. ಆಗ ನೀವಿನ್ನೂ ಅವರ ಉದ್ಯೋಗಿ ಅಲ್ಲ. ಕರೆದಾಗಲೇ "ಪ್ರಯಾಣದ ಖರ್ಚು ಕೊಡ್ತೀರಾ, ಮೊದಲ ಸುತ್ತು ಆನ್‌ಲೈನ್ ಮಾಡಬಹುದಾ?" ಅಂತ ಕೇಳಿ. ಕೇಳಿದ್ದಕ್ಕೇ ಕೆಲಸ ಕೊಡಲ್ಲ ಅನ್ನೋ ಜಾಗ ಆದ್ರೆ, ಅಲ್ಲಿ ಸೇರಿದಮೇಲೂ ನಿಮಗೆ ಸುಖ ಇರಲ್ಲ.

ಇವತ್ತಿಗೆ ಇಷ್ಟು. ನಿಮ್ಮ ನೇಮಕಾತಿ ಪತ್ರದಲ್ಲಿ "ಕೆಲಸದ ಸ್ಥಳ" ಅಂತ ಏನಿದೆ ನೋಡಿ, ಮುಂದಿನ ಟ್ರಿಪ್‌ಗೆ ಮುಂಚೆ ಆ ಮೆಸೇಜ್ ಕಳಿಸಿ ನೋಡಿ. ಏನು ಉತ್ತರ ಬಂತು ಅಂತ ನನಗೂ ತಿಳಿಸಿ. ಬೆಂಗಳೂರಿಗೆ ಓಡಾಡ್ತಾ ಇರೋ ನಿಮ್ಮ ಗೆಳೆಯರು ಯಾರಾದ್ರೂ ಇದ್ರೆ ಈ ಸಂಚಿಕೆಯನ್ನ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.